ಒಡ್ಡಿನ ಕೊನೆಯ ಕಲ್ಲು

ಒಂದಾನೊಂದು ಕಾಲದಲ್ಲಿ ಬೆಂಕಿಯ ಕೆರೆಯೊಂದಿತ್ತಂತೆ. ಮೇಲಿನಿಂದ ತಣ್ಣಗಾಗುತ್ತ ಬಂದ ಹಾಗೆ ಅದರ ಮೈ ಕುಗ್ಗಿತು. ಪ್ರತಿ ಚೂರೂ ತನ್ನ ಕಡೆಗೇ ಎಳೆದುಕೊಂಡಿತು. ಎಳೆತ ತಾಳದೆ ಮೈ ಬಿರಿಯಿತು. ತಂಪು ಇಳಿದಂತೆಲ್ಲ ಬಿರುಕೂ ಅದರ ಹಿಂದೆಯೇ ತಳದವರೆಗೆ ಇಳಿಯಿತು. ಒಂದೇ ಮೈಯಾಗಿದ್ದದ್ದು ಐದಾರು ಮೂಲೆಯ ಕಪ್ಪು ಕಲ್ಲಿನ ಕಂಬಗಳಾಗಿ, ಒತ್ತೊತ್ತಾಗಿ ನಿಂತೂ ಒಂಟಿಯಾಯಿತು.

ಆ ಕಂಬಗಳ ತುಂಡುಗಳನ್ನು ಮತ್ತೆ ಒಂದಾಗಿ ಕೂಡಿಸುವುದು ಮರಿನುಸ್ ಅವರ ಕೆಲಸ. ಕಡಲಿಗಿಂತ ತಗ್ಗಿನಲ್ಲಿರುವ ಝೀಲಂಡ್ ನಾಡಿನ ಕಡಲ ಒಡ್ಡಿನ ಇಳಿಜಾರಿನಲ್ಲಿ, ಬೆಳಗಿನ ನೀರಿಳಿತದ ಹೊತ್ತಿಗೆ, ಅವರು ಮೊಣಕಾಲೂರಿ ಕೂತಿದ್ದಾರೆ. ಗಾರೆಯಿಲ್ಲ, ಸಿಮೆಂಟಿಲ್ಲ. ಕಲ್ಲಿನ ಮೂಲೆಗೆ ಕಲ್ಲಿನ ಮೂಲೆಯೇ ಹೊಂದಬೇಕು. ಸಡಿಲವಿದ್ದರೆ ಅಲೆ ಕಿತ್ತೊಯ್ಯುತ್ತದೆ.

ಮೂವತ್ತು ವರ್ಷ ಜೊತೆಗೆ ಕ್ರೈನ್ ಇದ್ದರು. ಅವರು ಕಲ್ಲು ಆರಿಸುವುದು, ಇವರು ಕೂರಿಸುವುದು. ಈ ವಸಂತದಲ್ಲಿ ಕ್ರೈನ್ ತೀರಿಕೊಂಡರು.

"ಈ ಭಾಗವನ್ನ ಕಾಂಕ್ರೀಟಿಗೆ ಬಿಡಬೇಡ ಅಂದಿದ್ದ. ಹೂಂ ಅಂದಿದ್ದೆ," ಎನ್ನುತ್ತಾರೆ ಮರಿನುಸ್. "ಈಗ ಕಲ್ಲಿನ ಜೊತೆ ಮಾತಾಡ್ತೀನಿ. ಅದು ಉತ್ತರ ಕೊಡಲ್ಲ. ಅವನೂ ಹೆಚ್ಚೇನು ಮಾತಾಡ್ತಿರ್ಲಿಲ್ಲ ಬಿಡಿ."

ಉಳಿದಿರುವುದು ಒಂದೇ ಗುಂಡಿ. ನೀರು ಏರುವ ಮುನ್ನ ಅದು ಮುಚ್ಚದಿದ್ದರೆ ಗುತ್ತಿಗೆದಾರರು ಕಾಂಕ್ರೀಟು ಸುರಿಯುತ್ತಾರೆ. ಲಾರಿ ಆಗಲೇ ಒಡ್ಡಿನ ಮೇಲೆ ಬಂದು ನಿಂತಿದೆ. ರಾಶಿಯಲ್ಲಿದ್ದ ಕಲ್ಲುಗಳನ್ನೆಲ್ಲ ಇಟ್ಟು ನೋಡಿದ್ದಾಯಿತು. ಒಂದೂ ಕೂರುತ್ತಿಲ್ಲ.

ಕ್ರೈನ್ ಅವರ ಹೆಂಡತಿ ಪೀಟರ್‌ನೆಲ್ ಎಂದಿನಂತೆ ಕಾಫಿ ತರುತ್ತಾರೆ.

"ಇನ್ನೂ ಜೋಡಿ ಹುಡುಕ್ತಾ ಇದೀಯೇನೋ? ನಿನಗಂತೂ ಸಿಗ್ಲಿಲ್ಲ, ಕಲ್ಲಿಗಾದ್ರೂ ಸಿಗ್ಲಿ."

"ಎರಡೂ ನನ್ನ ಹಣೇಲಿ ಬರೆದಿಲ್ಲ ಕಣೇ ನೆಲ್."

ಆಕೆ ಬಗ್ಗಿ ಗುಂಡಿಯನ್ನು ನೋಡುತ್ತಾರೆ. "ನಮ್ಮ ಹಿತ್ತಿಲ ಬಾಗಿಲ ಹತ್ರ ಒಂದಿದೆಯಲ್ಲ."

"ಅದು ಅವನು ಬೂಟು ಬಿಚ್ಚೋಕೆ ಕೂರ್ತಿದ್ದ ಕಲ್ಲು. ಬೇಡ."

"ಈಗ ಯಾರು ಕೂರ್ತಾರೆ? ದಿನಾ ಬೆಳಿಗ್ಗೆ ಅದನ್ನ ಖಾಲಿ ನೋಡೋಳು ನಾನು ಕಣೋ."

ಮರಿನುಸ್ ಸುತ್ತಿಗೆ ಕೆಳಗಿಟ್ಟು ಏಳುತ್ತಾರೆ. ತಳ್ಳುಗಾಡಿ ಹಿಡಿದು ಆಕೆಯ ಹಿಂದೆ ಹೋಗುತ್ತಾರೆ.

ಬಂದ ಕಲ್ಲಿಗೆ ಐದು ಮೂಲೆ. ಮೇಲ್ಮುಖ ಕೂತು ಕೂತು ನಯವಾಗಿದೆ. ಒಮ್ಮೆ ಇಳಿಸುತ್ತಾರೆ, ತೆಗೆಯುತ್ತಾರೆ, ಒಂದು ಅಂಚು ಕೆತ್ತಿ ಸ್ವಲ್ಪ ತಿರುಗಿಸಿ ಮತ್ತೆ ಇಳಿಸುತ್ತಾರೆ. ಸಂದಿಗಳಿಗೆ ಕಲ್ಲಚೂರು ಹಾಕಿ ಬಡಿಯುತ್ತಾರೆ. ಅಷ್ಟರಲ್ಲಿ ನೀರು ಒಡ್ಡಿನ ಬುಡ ಮುಟ್ಟಿದೆ. ಮೇಲೆ ಲಾರಿಯವನು ಎಂಜಿನ್ ಆರಿಸಿ ನೋಡುತ್ತಿದ್ದಾನೆ.

"ನೆಲ್, ಕೂತು ನೋಡು. ಅಲ್ಲಾಡಿದ್ರೆ ಹೇಳು."

ಪೀಟರ್‌ನೆಲ್ ಲಂಗ ಒತ್ತರಿಸಿಕೊಂಡು ಕೂರುತ್ತಾರೆ. ಅಲೆ ಬಂದು ಬಡಿಯುತ್ತದೆ, ಹಿಂದೆ ಸರಿಯುತ್ತದೆ. ಮತ್ತೊಂದು ಬರುತ್ತದೆ.

"ಇಲ್ಲ," ಎನ್ನುತ್ತಾರೆ ಆಕೆ. "ಅಲ್ಲಾಡ್ತಿಲ್ಲ."