ಎರೆಮಣ್ಣು ಎಳೆದು ಬಿಡಿಸಿದ ಪೈಪು

ಬಹಳ ವರ್ಷಗಳ ಹಿಂದೆ ನಾನು ಶಹಾಪುರದಲ್ಲಿ ಕುಡಿಯುವ ನೀರಿನ ಕಾಮಗಾರಿಗಳ ಜೂನಿಯರ್ ಎಂಜಿನಿಯರ್ ಆಗಿದ್ದೆ. ಒಂದು ಮೇ ತಿಂಗಳ ಬೆಳಿಗ್ಗೆ ಸುರಪುರ ರಸ್ತೆಯ ಹಳ್ಳಿಯೊಂದರಿಂದ ಫೋನ್ ಬಂತು. ಕೆಳಗಿನ ಓಣಿಯಲ್ಲಿ ಮನೆಮನೆಗೂ ವಾಂತಿಭೇದಿ. ನಾನು ಮುಟ್ಟುವಷ್ಟರಲ್ಲಿ ಆಂಬ್ಯುಲೆನ್ಸ್ ಮೊದಲ ಗುಂಪನ್ನು ಒಯ್ದಿತ್ತು. ಉಳಿದವರು ಅದು ಮರಳುವುದನ್ನೇ ಕಾಯುತ್ತ ಕಟ್ಟೆಯ ಮೇಲೆ ಬಿದ್ದುಕೊಂಡಿದ್ದರು.

ಟ್ಯಾಂಕಿನ ನೀರಿನಲ್ಲಿ ಕ್ಲೋರಿನ್ ಸರಿಯಾಗಿತ್ತು. ಓಣಿಯ ನಲ್ಲಿಯಲ್ಲಿ ಅದರ ಸುಳಿವೇ ಇಲ್ಲ. ಅಂದರೆ ನಡುವೆ ಎಲ್ಲೋ ಪಿವಿಸಿ ಪೈಪು ಬಾಯಿ ಬಿಟ್ಟಿದೆ, ಪಂಪು ನಿಂತಾಗ ಚರಂಡಿಯ ನೀರನ್ನು ಒಳಗೆ ಎಳೆದುಕೊಳ್ಳುತ್ತಿದೆ. ವಾಲ್ವ್ ಮುಚ್ಚಿಸಿದೆ. ಮನೆಯಲ್ಲಿ ತುಂಬಿಟ್ಟ ನೀರನ್ನೂ ಚೆಲ್ಲಿರಿ ಎಂದು ಮನೆಮನೆಗೆ ಹೇಳುತ್ತ ಹೋದೆ.

ಕೊನೆಯ ಮನೆ ಶರಣಮ್ಮನದು. ಗಂಡ ಆಗಲೇ ಆಸ್ಪತ್ರೆ ಸೇರಿದ್ದ. ಆರು ವರ್ಷದ ಮಗಳು ರೇಣುಕಾ ತೊಡೆಯ ಮೇಲೆ ಕಣ್ಣು ಮೇಲೆ ಮಾಡಿಕೊಂಡು ಮಲಗಿದ್ದಳು. ಶರಣಮ್ಮ ಓಆರ್‌ಎಸ್ ಪುಡಿ ಕಲಸಿದ ನೀರನ್ನು ಚಮಚದಲ್ಲಿ ಕುಡಿಸುತ್ತಿದ್ದಳು. ಕಲಸಿದ್ದು ಅದೇ ನಲ್ಲಿಯ ನೀರಿನಲ್ಲಿ.

"ಆ ನೀರು ಬ್ಯಾಡ ತಂಗಿ, ಕುದಿಸಿ ಕೊಡು," ಎಂದೆ.

"ಕುದಿಸಿ ಆರಿಸೋತನ ಇಕಿ ಉಳೀತಾಳೇನ್ರಿ? ಬಿಡದಂಗ ಕುಡಸು ಅಂದಾರ ಡಾಕ್ಟ್ರು. ನೋಡ್ರಿ, ತಿಳಿ ಅದಾವ ನೀರು."

ಯಾದಗಿರಿಯಿಂದ ಹೊರಟ ಟ್ಯಾಂಕರ್ ಇನ್ನೂ ದಾರಿಯಲ್ಲಿತ್ತು. ಜೀಪಿನಲ್ಲಿದ್ದ ಬಾಟಲಿಯನ್ನು ಪಕ್ಕದ ಮನೆಯ ಮುದುಕಿಗೆ ಕೊಟ್ಟಾಗಿತ್ತು.

ಪೈಪು ಒಡೆದ ಕಡೆ ನೆಲ ಒದ್ದೆಯಾಗಬೇಕು. ಆದರೆ ಅದು ಎರೆಭೂಮಿ. ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುವ ಕಪ್ಪು ಮಣ್ಣು. ಸೋರಿದ ನೀರೆಲ್ಲ ಬಿರುಕಿನೊಳಗೆ ಇಳಿದುಹೋಗಿತ್ತು. ಓಣಿಯುದ್ದಕ್ಕೂ ನೆಲ ಒಣಗಿ ಕಟಕಟ ಎನ್ನುತ್ತಿತ್ತು. ಎಲ್ಲಿ ಅಂತ ಅಗೆಯುವುದು?

ವಾಟರ್‌ಮನ್ ಹಣಮಂತನಿಂದ ಅಂಗಡಿಯ ಬಟ್ಟೆಗೆ ಹಾಕುವ ನೀಲಿ ತರಿಸಿದೆ. ನಿಂತ ಚರಂಡಿಗೆ ಕೆಳಗಿನಿಂದ ಮೇಲಕ್ಕೆ, ಒಂದೊಂದೇ ಕಡೆ ಸುರಿಯುತ್ತ ಹೋಗು ಎಂದೆ. ಎಲ್ಲಿ ಸುರಿದಾಗ ನಲ್ಲಿಗೆ ನೀಲಿ ಬರುತ್ತದೋ ಅಲ್ಲೇ ಪೈಪು ಒಡೆದಿದೆ. ನಾನು ಶರಣಮ್ಮನ ಅಂಗಳದ ನಲ್ಲಿಯ ಕೆಳಗೆ ಕೊಡ ಇಟ್ಟು, ತಿರುವಿ ಕೂತೆ. ಪೈಪಿನಲ್ಲಿ ಉಳಿದಿದ್ದ ನೀರು ಸಣ್ಣಗೆ ಬರುತ್ತಿತ್ತು, ತಿಳಿಯಾಗಿಯೇ. ಒಳಗಿನಿಂದ ಮಗುವಿನ ನರಳಾಟ. ಹಣಮಂತ ಗುಡಿಯ ಮೂಲೆಗೆ ಮುಟ್ಟಿದ ಸ್ವಲ್ಪ ಹೊತ್ತಿಗೆ ಕೊಡದೊಳಗೆ ನೀಲಿ ಬಿತ್ತು.

ಶರಣಮ್ಮ ಬಂದು ಕೊಡದೊಳಗೆ ನೋಡಿದಳು.

"ಗಟಾರದ ನೀರು... ಮುಂಜಾನಿಂದ ಇದನ್ನ ಕುಡಿಸಾಕತ್ತೀನಲ್ರಿ ನನ್ನ ಕೂಸಿಗಿ," ಎಂದವಳು ಅಲ್ಲೇ ಕುಸಿದಳು. ಚಮಚ ಇನ್ನೂ ಕೈಯಲ್ಲೇ ಇತ್ತು. ಆಂಬ್ಯುಲೆನ್ಸ್ ಬಂದಾಗ ಮಗುವನ್ನು ನಾನೇ ಎತ್ತಿ ಒಳಗೆ ಮಲಗಿಸಿದೆ. ತೂಕವೇ ಇರಲಿಲ್ಲ. ಇದು ತಿರುಗಿ ಬರುವುದಿಲ್ಲ ಅಂತಲೇ ಅನ್ನಿಸಿತು.

ಗುಡಿಯ ಮೂಲೆಯಲ್ಲಿ ಅಗೆದೆವು. ಬಿರಿದ ಮಣ್ಣು ಪೈಪನ್ನು ಎರಡೂ ಕಡೆಗೆ ಎಳೆದಿದ್ದರಿಂದ ಜಾಯಿಂಟು ಬಿಟ್ಟುಕೊಂಡಿತ್ತು. ಪ್ಲಾಸ್ಟಿಕ್ ಪೈಪಿಗೆ ತುಕ್ಕಿಲ್ಲ, ಹೂತು ಮರೆತುಬಿಡಿ ಎಂದು ಮಾರುವವರು ಹೇಳುತ್ತಾರೆ. ಸುಡುಗಾಡು ಮಾತು. ಅದಕ್ಕೆ ಕೆಳಗೂ ಮೇಲೂ ಮರಳಿನ ಹಾಸು ಬೇಕು, ಎರೆಮಣ್ಣು ನೇರವಾಗಿ ತಾಗಬಾರದು, ಚರಂಡಿಯಿಂದ ದೂರವಿರಬೇಕು, ಎಳೆತ ತಡೆಯಲು ರಬ್ಬರ್ ರಿಂಗಿನ ಜಾಯಿಂಟು ಬೇಕು. ಇಲ್ಲಿ ಮನೆ ಕಟ್ಟುವವರು ಯಾರೂ ಬುನಾದಿಗೆ ಮರಂ, ಅಂದರೆ ಗರಸು ಮಣ್ಣು, ತುಂಬದೆ ಗೋಡೆ ಎಬ್ಬಿಸುವುದಿಲ್ಲ. ಆದರೆ ಹಿಂದೆ ಈ ಪೈಪು ಹಾಕಿದ ಗುತ್ತಿಗೆದಾರ, ಎರೆಮಣ್ಣು ಬೆಣ್ಣೆಯಂತೆ ಮೆತ್ತಗಿದೆ, ಪೈಪಿಗೆ ಪೆಟ್ಟಾಗುವುದಿಲ್ಲ ಎಂದು ಅದನ್ನೇ ಎಳೆದು ಮುಚ್ಚಿದ್ದ. ಊರವರೂ ಹೌದೆಂದಿದ್ದರು.

ಪಕ್ಕದ ಮನೆಯ ಮುದುಕಿ ಉಳಿಯಲಿಲ್ಲ. ರೇಣುಕಾ ಉಳಿದಳು.

ಚರಂಡಿಯ ಆಚೆಗೆ ಮರಳಿನ ಹಾಸಿನ ಮೇಲೆ ಹೊಸ ಲೈನು ಹಾಕಿಸಿದೆ. ನೀರು ಬಿಟ್ಟ ದಿನ ಓಣಿಯವರೆಲ್ಲ ಕೊಡ ಹಿಡಿದು ನಿಂತರು, ಯಾರೂ ಮುಂದೆ ಬರಲಿಲ್ಲ. ಶರಣಮ್ಮ ಮೊದಲ ನೀರು ಹಿಡಿದು ಚೊಂಬು ನನ್ನ ಮುಂದೆ ಚಾಚಿದಳು.

"ನೀವು ಕುಡೀರಿ ಸಾಹೇಬ್ರ."

ಪೂರ್ತಿ ಕುಡಿದೆ. ಆಮೇಲೆ ಅವಳೂ ಕುಡಿದಳು. ಸೆರಗು ಹಿಡಿದು ನಿಂತಿದ್ದ ರೇಣುಕಾ ಚೊಂಬಿಗೆ ಕೈ ಚಾಚಿದಾಗ ಮಾತ್ರ ಕೈ ತಟ್ಟಿ ಹಿಂದಕ್ಕೆ ಸರಿಸಿದಳು.

"ನಿಮ್ಮ ಮ್ಯಾಲ ಸಿಟ್ಟಿಲ್ರಿ. ಇಕಿಗಿ ಕುಡಸಾಕ ನನ್ನ ಕೈ ಏಳವಲ್ದು."

ಮಣ್ಣು ಮುಚ್ಚಿದ ಮೇಲೆ ನಮ್ಮ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಕೆಟ್ಟಿದೆ ಎಂದು ಮೊದಲು ಗೊತ್ತಾಗುವುದು ಕುಡಿದವರ ಮೈಗೆ. ನಿವೃತ್ತನಾಗುವವರೆಗೂ ನಾನು ಕಂದಕಕ್ಕೆ ಇಳಿದು ಮರಳನ್ನು ಕೈಯಾರೆ ಮುಟ್ಟದೆ ಒಂದು ಪೈಪನ್ನೂ ಮುಚ್ಚಗೊಡಲಿಲ್ಲ.