ಹೊಸ್ತಿಲವರೆಗೆ ಬಂದ ಜೀಪು

ನಮ್ಮ ಮನೆಯ ಬಸಿಗಳನ್ನೆಲ್ಲ ನಾನು ಅಟ್ಟಕ್ಕೇರಿಸಿ ಬಹಳ ದಿನಗಳಾದವು. ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರ್ ಒಬ್ಬರು ನಮ್ಮನ್ನು ಸಾಲಾಗಿ ನಿಲ್ಲಿಸಿ, ಕಪ್ಪನ್ನು ಬಸಿಯ ಮೇಲೆ ಸದ್ದಾಗದಂತೆ ಇಡುವುದು ಹೇಗೆಂದು ಕಲಿಸಿದ್ದರು. ಆ ಪಾಠ ನನ್ನ ಕೈಗೆ ಎಷ್ಟು ಹತ್ತಿತ್ತೆಂದರೆ, ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ, "ಚಹಾ ತಂದಿಟ್ಟಿದ್ದು ಗೊತ್ತಾಗೂದುಲ್ಲ ನೋಡವಾ, ಬೆಕ್ಕಿನಂಗ ಬಂದು ಬೆಕ್ಕಿನಂಗ ಹೋಗ್ತಿ" ಎನ್ನುತ್ತಿದ್ದರು. ಈಗ ನನ್ನ ಯಜಮಾನರ ಕೈ ನಡುಗುತ್ತದೆ. ಕಪ್ಪು ಬಸಿಯ ಮೇಲೆ ಕಟಕಟ ಎಂದಾಗ ಅವರು ನನ್ನ ಮುಖ ನೋಡದೆ ಕಿಟಕಿಯ ಕಡೆ ನೋಡುತ್ತಿದ್ದರು. ಅದಕ್ಕೇ ಬಸಿ ತೆಗೆದಿಟ್ಟು, ಸ್ಟೀಲ್ ಲೋಟದಲ್ಲಿ ಅರ್ಧದಷ್ಟೇ ಚಹಾ ಹಾಕಿ ಕೊಡುವುದನ್ನು ರೂಢಿ ಮಾಡಿಕೊಂಡೆ. ನರದ ಬ್ಯಾನಿ, ಏರುವುದೇ ಹೊರತು ಇಳಿಯುವುದಲ್ಲ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು.

ಅವರ ನಡುಕ ಯಾರಿಗೂ ಕಾಣದ ಜಾಗ ಒಂದೇ ಇತ್ತು. ಅದು ನಮ್ಮ ಹಳೆಯ ಜೀಪು.

ಎರಡು ದುಂಡು ದೀಪ, ನಡುವೆ ಕಬ್ಬಿಣದ ಜಾಲರಿ, ಮೇಲೆ ಬಿಸಿಲಿಗೆ ಬಣ್ಣ ಹೋದ ಕ್ಯಾನ್ವಾಸಿನ ಹೊದಿಕೆ, ಬಾಗಿಲೇ ಇಲ್ಲದ ಪಕ್ಕ. ಚಾಲೂ ಆದರೆ ಅದರಲ್ಲಿದ್ದುದೆಲ್ಲ ನಡುಗುತ್ತಿತ್ತು. ಕನ್ನಡಿ, ಮುಂದಿನ ಗಾಜು, ನನ್ನ ಬಳೆ, ತೊಡೆಯ ಮೇಲಿನ ಬುತ್ತಿಡಬ್ಬಿಯ ಮುಚ್ಚಳ, ಕಡೆಗೆ ನಾವಾಡುವ ಮಾತೂ ನಡುಗುತ್ತಿತ್ತು. ಆ ನಡುಕದಲ್ಲಿ ಸ್ಟೇರಿಂಗ್ ಹಿಡಿದ ಅವರ ಕೈ ಬೇರೆಯಾಗಿ ಕಾಣುತ್ತಿರಲಿಲ್ಲ. ಪಟ್ಟದಕಲ್ಲಿಗೆ ಹೋದಾಗ ಗುಡಿ ನೋಡಲು ಬಂದವರು ಬೆನ್ನು ತಿರುಗಿಸಿ ಜೀಪಿನ ಜೊತೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಯಜಮಾನರು ಒಂದು ಕಾಲು ಜೀಪಿನ ಮೆಟ್ಟಿಲ ಮೇಲಿಟ್ಟು, ಇಂಜಿನ್ ಬಂದ್ ಮಾಡದೆ ಅವರ ಪ್ರಶ್ನೆಗಳಿಗೆಲ್ಲ ಉತ್ತರ ಹೇಳುವರು. ಬಂದ್ ಯಾಕೆ ಮಾಡುತ್ತಿರಲಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಇಳಕಲ್ಲಿನ ನನ್ನ ತವರಿಗೆ ಹೋದರೆ ನನ್ನ ತಮ್ಮ ಮಗ್ಗದ ಕುಣಿಯಿಂದಲೇ ಕೂಗುತ್ತಿದ್ದ: "ಬರ್ರಿ ಮಾಮಾರ! ನೀವು ಹುನಗುಂದ ದಾಟಿದಾಗನ ಇಲ್ಲಿ ನಮ್ಮ ಗ್ವಾಡಿ ಅಲಗ್ಯಾಡ್ಲಿಕ್ಕೆ ಹತ್ತಿದ್ವು!"

ಆ ಜೀಪು ನಮ್ಮ ಮನೆಗೆ ಬಂದದ್ದೇ ಒಂದು ವಿಚಿತ್ರ. ಯಜಮಾನರ ಊರು ಘಟಪ್ರಭೆಯ ದಂಡೆಯಲ್ಲಿತ್ತು. ಅಣೆಕಟ್ಟಿನ ಹಿನ್ನೀರು ಏರುತ್ತದೆ ಎಂದಾದಾಗ ಮನೆಗಳನ್ನು ಅಳೆದು ಗೋಡೆಗೆ ನಂಬರು ಬರೆಯಲು ಸಾಹೇಬರು ಜೀಪಿನಲ್ಲಿ ಬಂದಿದ್ದರು. ಮಳೆಯಲ್ಲಿ ಎತ್ತಿನ ಗಾಡಿಯೂ ಕದಲದ ಎರೆಮಣ್ಣಿನ ಕೆಸರನ್ನು ಅದು ಉಳುತ್ತ ಬಂದದ್ದನ್ನು ನೋಡಿ, ಆಗ ಕಾಲೇಜಿಗೆ ಹೋಗುತ್ತಿದ್ದ ಇವರು ಮನೆ ಹೋಗುವ ದುಃಖವನ್ನೇ ಮರೆತು ಅದರ ಸುತ್ತ ತಿರುಗಿದರಂತೆ. ಮುಂದೆ ನೌಕರಿ ಸಿಕ್ಕು, ನಾವೆಲ್ಲ ಮುಳುಗಡೆಯವರಿಗೆಂದು ಮಾಡಿದ ನವನಗರದಲ್ಲಿ ಮನೆ ಕಟ್ಟಿಕೊಂಡ ಮೇಲೆ, ಹಳೆಯ ಸರಕಾರಿ ವಾಹನಗಳ ಹರಾಜಿನಲ್ಲಿ ಒಂದು ಜೀಪು ಹಿಡಿದು ತಂದರು. ಅದೇ ಇದು ಎಂದು ಅವರ ಹಟ. ಬಲಗಡೆ ಮೆಟ್ಟಿಲಿಗೆ ವೆಲ್ಡಿಂಗ್ ಮಾಡಿದ ಗುರುತಿದೆಯಂತೆ.

ಅತ್ತೆ ಅದನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನನ್ನ ಮನಿ ಅಳ್ಯಾಕ ಬಂದ ಗಾಡಿ ತಂದು ನನ್ನ ಅಂಗಳದಾಗ ಕಟ್ಟೀಯಲ್ಲೋ ನನ್ನಪ್ಪಾ."

ಅವರು ಅದರಲ್ಲಿ ಒಮ್ಮೆಯೂ ಕೂರಲಿಲ್ಲ. ಬಾದಾಮಿಯ ಬನಶಂಕರಿಗೂ ಬಸ್ಸಿನಲ್ಲೇ ಹೋಗಿಬರುತ್ತಿದ್ದರು. ಆ ಮನೆತನದ ಪದ್ಧತಿಯೊಂದಿತ್ತು: ಹೊಸ ಎತ್ತಿರಲಿ, ಚಕ್ಕಡಿಯಿರಲಿ, ಮನೆಯ ಹೊಸ್ತಿಲ ಮುಂದೆ ನಿಲ್ಲಿಸಿ ಮನೆಯ ಹೆಣ್ಣುಮಗಳು ನೀರು ಹಾಕಿ ಕುಂಕುಮ ಹಚ್ಚಿದ ಮೇಲೆಯೇ ಅದು ನಮ್ಮದು. ನವನಗರದ ಹೊಸ್ತಿಲ ಮುಂದೆ ನೀರು ಹಾಕಲು ಅತ್ತೆ ಒಪ್ಪಲಿಲ್ಲ. ಸರಕಾರ ಕೊಟ್ಟ ಸೈಟಿನದು ಹೊಸ್ತಿಲಲ್ಲ ಎಂದರು. ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಳೆಯ ಊರಿನ ಬುನಾದಿಗಳು ಕಾಣುತ್ತವೆ. ಅಲ್ಲಿಗೇ ಒಯ್ಯೋಣ ಎಂದರೆ, "ಒಮ್ಮೆ ಬಂದಿತ್ತಲ್ಲ ಆ ಬಾಗಲಕ್ಕ, ಸಾಕು" ಎಂದು ಎದ್ದು ಒಳಗೆ ಹೋದರು. ಅವರು ಇರುವವರೆಗೂ ಯಜಮಾನರು ಆ ಮಾತು ಮತ್ತೆ ತೆಗೆಯಲಿಲ್ಲ.

ಹೋದ ಬೇಸಿಗೆಯ ಹೊತ್ತಿಗೆ ಗೇರು ಹಾಕುವುದಕ್ಕೂ ಅವರಿಗೆ ಎರಡು ಕೈ ಬೇಕಾಗತೊಡಗಿತು. ಒಂದು ಸಂಜೆ ಸಂತೆಯ ಹತ್ತಿರ ಬ್ರೇಕ್ ತಡವಾಗಿ ಹತ್ತಿ, ಸೌತೆಕಾಯಿಯ ಗಾಡಿಯೊಂದಕ್ಕೆ ತಾಗುವುದು ಕೂದಲೆಳೆಯಲ್ಲಿ ತಪ್ಪಿತು. ಮನೆಗೆ ಬಂದು ಕೀಲಿಯನ್ನು ಗೋಡೆಯ ದೇವರ ಮಾಡದಲ್ಲಿ ಇಟ್ಟು, "ಇನ್ನ ಯಾರಿಗರ ಕೊಟ್ಟುಬಿಡೂಣು" ಎಂದರು. ನಾನು ಹೂಂ ಎಂದೆ.

ಬೆಳಗಾವಿಯಿಂದ ಒಬ್ಬರು ಬಂದರು. ಇಂಥ ಹಳೆಯ ಜೀಪುಗಳನ್ನೇ ಕೂಡಿಡುವ ಹುಚ್ಚಿನವರು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ನೆಲದ ಮೇಲೆ ಅಂಗಾತ ಮಲಗಿ ಜೀಪಿನ ಕೆಳಗೆ ಸರಿದುಹೋದರು. ನಾನು ಹಳೆಯ ಚಾದರ ತರುವಷ್ಟರಲ್ಲಿ ಅವರ ಬೂಟಷ್ಟೇ ಕಾಣುತ್ತಿತ್ತು.

"ಚೇಸಿಗೆ ಒಂದು ಪೆಟ್ಟಿಲ್ಲ ಕಾಕಾ!" ಕೆಳಗಿನಿಂದ ದನಿ ಬಂತು. "ನಂಬರ್ ನೋಡ್ರಿ, ಕಂಪನ್ಯಾಗ ಹೊಡದಿದ್ದು ಹಂಗ ಐತಿ. ಇಂಥಾದ್ದಕ್ಕ ನಾವು ದೇಶ ಸುತ್ತತೇವಿ."

ಹೊರಬಂದಾಗ ಅವರ ಮೂಗಿನ ಮೇಲೆ ಗ್ರೀಸ್ ಹತ್ತಿತ್ತು. ಚಹಾ ಕೊಡುತ್ತ ನಾನು ಕೇಳಿದೆ, "ಇದರಾಗ ಅಂಥಾದ್ದೇನೈತ್ರಿ? ಮಳಿ ಬಂದ್ರ ಒಳಗ ನೀರು, ಬಿಸಲಿಗೆ ಸೀಟು ಹಂಚಿನಂಗ ಕಾಯ್ತೈತಿ, ಬೆನ್ನ ಮೂಳಿ ಎಣಿಸಿಕೋತ ಕೂಡ್ರಬೇಕು."

"ಅದಕ್ಕ ನೋಡ್ರಿ ಕಾಕು! ಈಗಿನ ಕಾರು ನಮ್ಮನ್ನ ಕೂಸು ಮಲಗಿಸಿದಂಗ ಮಲಗಸ್ತಾವ. ಇದು ದಾರಿ ಹೆಂಗೈತಿ ಹಂಗ ಹೇಳ್ತೈತಿ. ಬಾನೆಟ್ ಎತ್ತಿದ್ರ ಎಲ್ಲಾ ಕಣ್ಣಿಗೆ ಕಾಣ್ತೈತಿ, ನಟ್ಟು ಬಿಚ್ಚೂ ಒಂದು ಪಾನಾ ಇದ್ರ ಸಾಕು, ನಡುದಾರ್ಯಾಗ ಕೈ ಬಿಡೂದುಲ್ಲ." ಆಮೇಲೆ ಸ್ವಲ್ಪ ಸಣ್ಣ ದನಿಯಲ್ಲಿ, "ನಮ್ಮ ಅಜ್ಜಂದು ಒಂದಿತ್ರಿ. ನಾ ಸಣ್ಣಾಂವ ಇದ್ದಾಗ ಅಪ್ಪ ಮಾರಿಬಿಟ್ರು. ಅದನ್ನ ಹುಡುಕಲಿಕ್ಕೆ ಹೋಗಿ ಇಷ್ಟೆಲ್ಲಾ ಕೂಡಿಸೇನಿ. ಅದೊಂದು ಮಾತ್ರ ಸಿಗವಲ್ದು" ಎಂದರು.

ಆ ಮಾತಿಗೆ ಯಜಮಾನರಿಗೆ ಅವರ ಮೇಲೆ ವಿಶ್ವಾಸ ಬಂತು. ಒಂದೇ ಕರಾರು ಹಾಕಿದರು: "ಓಡಸ್ತಿರಬೇಕು ನೋಡಪಾ. ನಿಲ್ಲಿಸಿದ್ರ ಇದು ಸಾಯ್ತೈತಿ."

"ವಾರಕ್ಕೊಮ್ಮೆ ಚಾಲೂ ಮಾಡಿ ಫೋನ್ಯಾಗ ಆವಾಜ ಕೇಳಸ್ತೇನಿ, ಆತಲ್ರಿ ಕಾಕಾ?"

ಮುಂದಿನ ವಾರ ಬಂದು ಒಯ್ಯುತ್ತೇನೆಂದು ಅವರು ಹೋದರು. ಅವರ ಗಾಡಿ ತಿರುವು ದಾಟುತ್ತಲೇ ಯಜಮಾನರು ನನ್ನ ಕಡೆ ತಿರುಗಿ, "ಅದಕ್ಕೂ ಮದ್ಲ ಒಮ್ಮೆ ನಮ್ಮ ಹೊಸ್ತಿಲಕ್ಕ ಒಯ್ಯೂಣು" ಎಂದರು. ಇಷ್ಟು ವರ್ಷ ಸುಮ್ಮನಿದ್ದ ಆಸೆ ಅದೊಂದೇ ಎಂಬುದು ಅವರು ನನ್ನ ಕಣ್ಣು ನೋಡಿ ಹೇಳಿದ ರೀತಿಯಲ್ಲೇ ತಿಳಿಯಿತು. ನಾನು ಬೇಡವೆನ್ನಲಿಲ್ಲ. ಅರಿಷಿಣ, ಕುಂಕುಮ, ತಂಬಿಗೆಯಲ್ಲಿ ನೀರು ತೆಗೆದುಕೊಂಡೆ.

ತಮ್ಮ ಇಳಕಲ್ಲಿನಿಂದ ಬಂದು ಡಾಂಬರು ರಸ್ತೆಯವರೆಗೆ ತಾನೇ ಓಡಿಸಿದ. ನದಿಯ ಪಾತ್ರಕ್ಕೆ ಇಳಿಯುವಲ್ಲಿ ಯಜಮಾನರು ಅವನ ಭುಜ ತಟ್ಟಿದರು. "ಇಳಿ. ಇದು ನಮ್ಮೂರು."

"ಮಾಮಾರ, ಇಲ್ಲಿ ಊರೆಲ್ಲೈತ್ರಿ? ನನಗ ಬರೇ ಹಪ್ಪಳ ಹರವಿದಂಗ ಕಾಣ್ತೈತಿ" ಎನ್ನುತ್ತ ಅವನು ಹಿಂದಿನ ಸೀಟಿಗೆ ಹೋಗಿ ಕೂತ.

ಖರೆ, ನೆಲವೆಲ್ಲ ಬಿರಿದು ಹಪ್ಪಳದಂತೆ ಅಂಚು ಎತ್ತಿಕೊಂಡಿತ್ತು. ಎಲ್ಲೆಲ್ಲೂ ಬಿಳಿಯ ಶಂಖದ ಹುಳದ ಚಿಪ್ಪು, ದೂರದಲ್ಲಿ ಇಟ್ಟಂಗಿ ಭಟ್ಟಿಯ ಹೊಗೆ. ಯಜಮಾನರು ಪುಟ್ಟ ಗೇರಿನ ಕಡ್ಡಿ ಎಳೆದು ನಾಲ್ಕೂ ಗಾಲಿಗೆ ಬಲ ಕೊಟ್ಟರು. ಜೀಪು ಗುಡುಗಿತು, ನಾವೆಲ್ಲ ನಡುಗಿದೆವು. ಅವರು ಕಾಣದ ಓಣಿಯೊಳಗೆ ಕಾಣುವವರಂತೆ ಹೊರಟರು. ಇದು ಊರಬಾಗಿಲ ಅಗಸಿ, ಇದು ಕಟ್ಟೆ, ಇಲ್ಲಿ ಹೊಳ್ಳಬೇಕು, ಇದು ಬಡಿಗೇರ ಮನಿ. ಬರೀ ಬುನಾದಿಯ ಕಲ್ಲುಗಳ ನಡುವೆ, ಯಾರ ಗೋಡೆಗೂ ತಾಗದಂತೆ ಎಚ್ಚರದಿಂದ ತಿರುಗಿಸುತ್ತಿದ್ದರು. ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಕಾಯಿಲೆಯಿದೆ ಎಂದರೆ ಯಾರೂ ನಂಬುತ್ತಿರಲಿಲ್ಲ.

"ಅದಽ ನೋಡು!" ಎಂದು ಕೂಗಿದರು. ಎದುರಿಗೆ, ನಾಲ್ಕು ಮಾರು ದೂರದಲ್ಲಿ ನಮ್ಮ ಹೊಸ್ತಿಲ ಕಲ್ಲು ಮಣ್ಣಿನಿಂದ ಬೆನ್ನು ಎತ್ತಿತ್ತು. ಅವರು ನೇರ ಅದರತ್ತ ಬಿಟ್ಟರು.

ಓಣಿ ನೆನಪಿತ್ತು, ಮನೆಗಳು ನೆನಪಿದ್ದವು. ಓಣಿಯ ಕೆಳಗೆ ಇದ್ದದ್ದು ನೆನಪಾಗಲಿಲ್ಲ.

ಬಾಗಿಲ ಮುಂದೆ ನಮ್ಮ ಹಗೇವು ಇತ್ತು. ಜೋಳ ತುಂಬಿಡುವ ನೆಲದೊಳಗಿನ ಆಳದ ಗುಂಡಿ. ಊರು ಬಿಡುವಾಗ ಉಳಿದವರೆಲ್ಲ ತಮ್ಮ ಹಗೇವಿಗೆ ಕಲ್ಲು ಮಣ್ಣು ತುಂಬಿ ಮುಚ್ಚಿದರು. ಅತ್ತೆ ಒಬ್ಬರೇ ಅದನ್ನು ಬರಿದು ಮಾಡಿ, ಉಡುಗಿ, ಬೇವಿನ ಹೊಗೆ ಹಾಕಿ, ತಳದಲ್ಲಿ ಒಂದು ಹಿಡಿ ಜೋಳ ಬಿಟ್ಟು, ಪ್ರತಿ ವರ್ಷದಂತೆ ಬಾಯಿಗೆ ಹಾಸುಗಲ್ಲು ಎಳೆದು ಮಣ್ಣು ಮೆತ್ತಿದ್ದರು. ಹೊಸ ಸೊಸೆಯಾಗಿದ್ದ ನಾನೇ ಸೆಗಣಿ ಕಲಸಿ ಕೊಟ್ಟಿದ್ದೆ. ಮುಂದಿನ ಸುಗ್ಗಿಗೆ ತೆರೆಯುವವರ ಹಾಗೆ ಮುಚ್ಚಿದ್ದೆವು.

ಜೀಪಿನ ಮೂತಿ ಒಮ್ಮೆಲೇ ಕೆಳಗೆ ಹೋಯಿತು. ಕಲ್ಲು ಮುರಿದ ಸದ್ದು, ಆಮೇಲೆ ಕಬ್ಬಿಣ ಕಿರುಚಿದ ಸದ್ದು. ತಂಬಿಗೆಯ ನೀರು ನನ್ನ ಸೀರೆಯ ಮೇಲೆ ಚೆಲ್ಲಿತು. ಇಂಜಿನ್ ಒಮ್ಮೆ ಕೆಮ್ಮಿ ನಿಂತಿತು. ಯಾರಿಗೂ ಪೆಟ್ಟಾಗಿರಲಿಲ್ಲ. ಮುಂದಿನ ಬಲಗಾಲಿ ಮಾತ್ರ ಕಾಣುತ್ತಿರಲಿಲ್ಲ. ಅದಿದ್ದ ಕಡೆಯಿಂದ ಕಪ್ಪು ರಾಡಿಯ ನಾತ ಬರುತ್ತಿತ್ತು.

ಯಜಮಾನರು ಬಗ್ಗಿ ನೋಡಿದರು. ನಕ್ಕರೋ ಅತ್ತರೋ ತಿಳಿಯದ ದನಿಯಲ್ಲಿ, "ಅವ್ವ ಹಿಡಕೊಂಡ್ಳು ನೋಡು" ಎಂದರು.

ತಮ್ಮ ಟ್ರ್ಯಾಕ್ಟರ್ ತರಲು ಭಟ್ಟಿಯ ಕಡೆ ಓಡಿದ. ಜೀಪು ಸುಮ್ಮನಾಗಿತ್ತು. ಕನ್ನಡಿ ನಿಂತಿತ್ತು, ಗಾಜು ನಿಂತಿತ್ತು, ನನ್ನ ಬಳೆಗಳು ನಿಂತಿದ್ದವು. ಸ್ಟೇರಿಂಗಿನ ಮೇಲೆ ಅವರ ಎರಡು ಕೈಗಳು ಮಾತ್ರ ನಡುಗುತ್ತಿದ್ದವು. ಆ ಜೀಪಿನಲ್ಲಿ ಅದನ್ನು ನಾನು ನೋಡಿದ್ದು ಅದೇ ಮೊದಲು. ನಾನು ನೋಡಿದ್ದನ್ನು ಅವರೂ ನೋಡಿದರು. ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು, "ನೀ ಹೋಗಿ ಬಾ. ನನಗ ಈ ಬಿರಿದ ಮಣ್ಣಾಗ ಕಾಲು ಕಿತ್ತಿಡಲಿಕ್ಕೆ ಆಗೂದುಲ್ಲ" ಎಂದರು.

ನಾನೊಬ್ಬಳೇ ಹೋದೆ. ಬಾಗಿಲ ಚೌಕಟ್ಟು ನಿಂತಿದ್ದ ಎರಡು ಕುಳಿಗಳಲ್ಲಿ ಚಿಪ್ಪು ತುಂಬಿಕೊಂಡಿದ್ದವು. ನೀರು ಉಳಿದಿರಲಿಲ್ಲ, ಒದ್ದೆಯಾದ ಸೆರಗನ್ನು ಕಲ್ಲಿನ ಮೇಲೆ ಹಿಂಡಿದೆ. ಕುಂಕುಮ ಹಚ್ಚಿದೆ, ಹಸಿಗೆ ಅದು ಹರಡಿಹೋಯಿತು. ತಿರುಗಿ ನೋಡಿದರೆ ಜೀಪು ಹೊಸ್ತಿಲಿಗೆ ಹಣೆ ಹಚ್ಚಲು ಬಗ್ಗಿದಂತೆ ಇತ್ತು. ಅವರು ನನ್ನನ್ನೇ ನೋಡುತ್ತಿದ್ದರು. ಅಷ್ಟು ಹತ್ತಿರ ಬಂದು ಅವರಿಗೆ ಹೊಸ್ತಿಲು ಮುಟ್ಟಲಾಗಲಿಲ್ಲ.

ಟ್ರ್ಯಾಕ್ಟರು ಸರಪಳಿ ಕಟ್ಟಿ ಎಳೆದಾಗ ಮುಂದಿನ ಆಕ್ಸಲ್ ಡೊಂಕಾಗಿತ್ತು, ಚೇಸಿಯ ಮುಂಭಾಗ ಸೀಳಿತ್ತು.

ಬೆಳಗಾವಿಯವರು ಬಂದು ಮತ್ತೆ ಕೆಳಗೆ ಮಲಗಿದರು. ಈ ಸಲ ಕೆಳಗಿನಿಂದ ಕಬ್ಬಿಣ ತಟ್ಟಿ ನೋಡುವ ಸದ್ದಷ್ಟೇ ಬಂತು. ಎದ್ದು ಕೈ ಒರೆಸಿಕೊಳ್ಳುತ್ತ, "ನಾ ಒಯ್ತೇನ್ರಿ ಕಾಕಾ, ಮಾತು ಅಂದ್ರ ಮಾತು" ಎಂದರು. "ಆದ್ರ ಓಡಸೂದು ಆಗೂದುಲ್ರಿ. ಕಂಪನಿ ನಂಬರ್ ಇರೂ ಈ ಚೇಸಿ ಬದಲ ಮಾಡಿದ್ರ ಇದು ಇದಾಗಿ ಉಳಿಯೂದುಲ್ಲ. ಹಿಂಗ ಬಣ್ಣ ಹಚ್ಚಿ ಕಟ್ಟಿ ಮ್ಯಾಲ ನಿಲ್ಲಸ್ತೇನಿ. ನೋಡಾವ್ರು ನೋಡ್ತಾರ."

ಯಜಮಾನರು ತಲೆಯಾಡಿಸಿದರು. ಅದು ಒಪ್ಪಿಗೆಯೋ ಬರೀ ನಡುಕವೋ ಬೆಳಗಾವಿಯವರಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು, ಆದರೂ ಒಳಗೆ ಹೋಗಿ ಕೀಲಿ ತಂದು ಕೊಟ್ಟೆ. ಜೀಪನ್ನು ಲಾರಿಗೆ ಏರಿಸುವಾಗ ಯಜಮಾನರು ಮನೆಯೊಳಗೇ ಇದ್ದರು.

ಕೆಲವು ದಿನಗಳ ಮೇಲೆ ಫೋನಿಗೆ ವಿಡಿಯೋ ಬಂತು. ಹೊಳೆಯುವ ಹಸಿರು ಬಣ್ಣ, ಕರಿ ಬಳಿದ ಗಾಲಿ, ಸುತ್ತ ಕೆಂಪು ಹಗ್ಗ. ಹಿಂದೆ ಯಾವುದೋ ಹಾಡು. ಯಜಮಾನರು ನೋಡಿ ಮುಗಿಸಿ ಫೋನನ್ನು ಕಿವಿಗೆ ಹಚ್ಚಿಕೊಂಡರು.

"ಇಂಜಿನ್ ಆವಾಜ ಯಾಕ ಬರವಲ್ದು?"

"ಹಾಡು ಹಾಕ್ಯಾರಲ್ರಿ, ಅದರಾಗ ಕೇಳ್ಸವಲ್ದು" ಎಂದೆ.

ಅವರು ಫೋನ್ ಕೆಳಗಿಟ್ಟು ಉಪ್ಪಿಟ್ಟಿನ ತಾಟಿಗೆ ಕೈ ಹಾಕಿದರು. ನಮ್ಮದು ಸದ್ದಿಲ್ಲದ ಓಣಿ. ಮಗ್ಗದ ಸಪ್ಪಳದಲ್ಲಿ ಹುಟ್ಟಿ ಜೀಪಿನ ಸಪ್ಪಳದಲ್ಲಿ ಬಾಳಿದವಳಿಗೆ ಆ ಮೌನ ಕಿವಿಗೆ ಒತ್ತಿದಂತಾಯಿತು. ಅದರ ನಡುವೆ ಚಮಚ ತಾಟಿನ ಅಂಚಿಗೆ ಟಿಕಟಿಕ ಎನ್ನತೊಡಗಿತು. ಅಭ್ಯಾಸಬಲದಿಂದ ನಾನು ಕೈ ಚಾಚಿ ಚಮಚ ತೆಗೆಯಹೋದೆ.

"ತಗೀಬ್ಯಾಡ" ಎಂದರು. "ಇರ್ಲಿ ಬಿಡು. ಏನರ ಒಂದು ಆವಾಜ ಇರ್ಲಿ ಮನ್ಯಾಗ."