ರಾಜಬಿ ಚಾಚಿಯ ಪಾಠದ ಮಂಚ

ಟಿಕೋಟಾದ ರಾಜಬಿ ಓದಿದ್ದು ಏಳನೇ ಇಯತ್ತೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅರವತ್ತೊಂದರ ವಯಸ್ಸಿನಲ್ಲಿ ಅವಳ ಬದುಕಿಗೆ ಮುಳ್ಳಾದದ್ದು ಇದೇ.

ಅವಳ ಗಂಡ ಪೀರಸಾಬ ಗೋಡೆ ಕಟ್ಟುವ ಗೌಂಡಿ. ಮೂವತ್ತಾರಕ್ಕೇ ಲಕ್ವಾ ಹೊಡೆದು ಹಾಸಿಗೆ ಹಿಡಿದ. ಮಾತು ಹೋಯಿತು, ಬಲಗೈ ಬಲಗಾಲು ಹೋದವು. ಉಳಿದದ್ದು ಎಡಗೈ ಒಂದೇ. ರಾಜಬಿ ಆ ಕೈ ಹಿಡಿದು ಕೇಳುವಳು, "ನೀರು ಬೇಕೇನ್ರಿ?" ಒಂದು ಸಲ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಇಲ್ಲ. ಆರು ವರ್ಷ ಅವರ ಸಂಸಾರ ಈ ಎರಡೇ ಮಾತಿನಲ್ಲಿ ನಡೆಯಿತು. ಜಗಳ ಕೂಡ! ಸಿಟ್ಟು ಬಂದರೆ ಪೀರಸಾಬ ಎರಡು ಸಲ ಒತ್ತಿ ಕೈ ಕಸಿದುಕೊಳ್ಳುತ್ತಿದ್ದ. "ಅಬ್ಬಾ, ನಿಮ್ಮ ಠೇಂಕಾರನ" ಎಂದು ಅವಳು ನಗುತ್ತಿದ್ದಳು.

ಕೊನೆಯ ಸಲ ಅವನನ್ನು ವಿಜಯಪುರಕ್ಕೆ ಒಯ್ದಾಗ ಡಾಕ್ಟರು ಮೈ ಹೊರಳಿಸಿ ನೋಡಿ ಬೆರಗಾದರು. ಆರು ವರ್ಷ ಮಲಗಿದವನ ಬೆನ್ನಿನಲ್ಲಿ ಒಂದೂ ಹುಣ್ಣಿಲ್ಲ. ಅವನನ್ನು ಮಣ್ಣು ಮಾಡಿ ನಾಲ್ಕು ತಿಂಗಳಿಗೆ ಆ ಡಾಕ್ಟರೇ ಅವಳನ್ನು ಕರೆದು ತಮ್ಮ ದವಾಖಾನೆಯಲ್ಲಿ ಆಯಾ ಕೆಲಸ ಕೊಟ್ಟರು. ಹದಿನಾರು ವರ್ಷ ಅಲ್ಲಿ ಕಳೆದಳು. ಆಮೇಲೆ ಸಿದ್ದರಾಮ ಎಂಬುವವರು ತೊರವಿಯ ಹತ್ತಿರ ದಾದಿಯರ ಸಹಾಯಕಿಯರಿಗಾಗಿ ತರಬೇತಿ ಕೇಂದ್ರ ತೆಗೆದು, ಕಲಿಸುವುದಕ್ಕೆ ಅವಳನ್ನು ಕರೆದರು.

ಅವಳು ಕಲಿಸುವ ರೀತಿಯೇ ಬೇರೆ. ಬಂದ ಮೊದಲ ದಿನ ಹುಡುಗಿಯನ್ನು ಮಂಚದ ಮೇಲೆ ಮಲಗಿಸಿ, ಒಂದು ತಾಸು ಪಿಟ್ ಎನ್ನಬಾರದು, ಕೈಕಾಲು ಅಲುಗಿಸಬಾರದು ಎನ್ನುವಳು. ಇನ್ನೊಬ್ಬಳು ಗಂಜಿ ಕುಡಿಸಬೇಕು. ನೊಣ ಮೂಗಿನ ಮೇಲೆ ಕೂತರೂ ಓಡಿಸಿಕೊಳ್ಳುವ ಹಾಗಿಲ್ಲ. "ಮಲಗಿದವರ ಫಜೀತಿ ಗೊತ್ತಾಗ್ಲಿ ಬೇ. ಮುಟ್ಟೂಕಿಂತ ಮೊದಲ ಕೇಳಬೇಕು. ಅದು ಮೈ, ಗೋಡಿ ಅಲ್ಲ," ಎನ್ನುವಳು. ಕೈ ಒತ್ತುವ ಭಾಷೆಯನ್ನೂ ಕಲಿಸುವಳು. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಮೊದಲ ತಂಡದಲ್ಲೇ ಬಂದವಳು ಬಬಲೇಶ್ವರದ ಶಾಂಭವಿ. ಚುರುಕು ಹುಡುಗಿ. ಅವಳು ಮುಂದೆ ನರ್ಸಿಂಗ್ ಡಿಪ್ಲೊಮಾ ಓದಲಿ ಎಂದು ರಾಜಬಿಯೇ ಬಸ್ಸು ಹತ್ತಿ ಅವರ ಮನೆಗೆ ಹೋದಳು. ತಂದೆ ಶಿವಯೋಗೆಪ್ಪ ದ್ರಾಕ್ಷಿ ತೋಟದವರು. "ಮಂದಿ ಹೇಲು ಉಚ್ಚಿ ಬಳ್ಯಾಕ ಮಗಳನ್ನ ಓದಸ್ಲೇನು?" ಎಂದರು. ರಾಜಬಿ ಬಿಟ್ಟಾಳೆಯೆ? "ನಿಮ್ಮವ್ವ ಬಳದಾಳಂತನ ನೀವು ಇಷ್ಟು ದೊಡ್ಡವರಾಗೀರಿ, ಯಜಮಾನ್ರ," ಎಂದಳು. ಶಿವಯೋಗೆಪ್ಪ ಮೀಸೆಯಲ್ಲೇ ನಕ್ಕರು. ಶಾಂಭವಿ ಕಾಲೇಜು ಸೇರಿದಳು.

ಹನ್ನೊಂದು ವರ್ಷ ಹೀಗೆ ಹೋಯಿತು. ಕಳೆದ ವರ್ಷ ಹೊಸ ನಿಯಮ ಬಂತು. ಕಲಿಸುವವರು ನರ್ಸಿಂಗ್ ಓದಿರಬೇಕು, ಹೆಸರು ನೋಂದಾಯಿಸಿರಬೇಕು, ವಾರ್ಡಿನಲ್ಲಿ ಎರಡು ವರ್ಷ ದುಡಿದಿರಬೇಕು, ಕಲಿಸುವುದನ್ನೇ ಕಲಿತ ಸರ್ಟಿಫಿಕೇಟೂ ಇರಬೇಕು. ನಿಯಮ ತಪ್ಪೆನ್ನುವಂತಿಲ್ಲ. ಕಂಡಕಂಡವರು ಕಲಿಸಿ ರೋಗಿಗಳ ಜೀವ ತೆಗೆದದ್ದೂ ಉಂಟು. ಆದರೆ ರಾಜಬಿಯ ಹೊಟ್ಟೆಗೆ ಬೆಂಕಿ ಬಿದ್ದದ್ದೂ ಸುಳ್ಳಲ್ಲ.

ಸಿದ್ದರಾಮ ಶಾಂಭವಿಯನ್ನೇ ಬೋಧಕಿಯಾಗಿ ಕರೆತಂದರು. ಅವಳ ಹತ್ತಿರ ಎಲ್ಲ ಕಾಗದಗಳೂ ಇದ್ದವು. ರಾಜಬಿಗೆ ಒಂದೇ ದಾರಿ ಉಳಿದಿತ್ತು. ಬೋಧಕಿಯೇ ಎದ್ದು, ಇವರು ಕೆಲಸ ಬಲ್ಲವರು, ಇವರಿಂದಲೇ ಕಲಿತಿದ್ದೇನೆ ಎಂದು ತಪಾಸಣೆಗೆ ಬರುವ ಸರಕಾರಿ ಸಾಹೇಬರ ಮುಂದೆ ಹೇಳಿದರೆ, ಅವರು ಒಪ್ಪಿದರೆ, ಸಹಾಯಕಿ ಎಂದು ಅದೇ ಕೋಣೆಯಲ್ಲಿ ಇರಬಹುದು.

"ಅಷ್ಟು ಹೇಳಾಕ ಆಗೂದಿಲ್ಲೇನು ಚಾಚಿ? ನೀವು ಇಲ್ಲಂದ್ರ ನಾ ಎಲ್ಲಿರ್ತಿದ್ದೆ?" ಎಂದು ಶಾಂಭವಿ ಅವಳ ಎರಡೂ ಕೈ ಹಿಡಿದಳು. ರಾಜಬಿ ಆ ದಿನ ಹೊಟ್ಟೆ ತುಂಬ ಉಂಡಳು.

ತಪಾಸಣೆಯ ದಿನ ಸಾಹೇಬರು ಹಳೆಯ ಪಟ್ಟಿ ತಿರುವಿದರು. "ಏಳನೇತ್ತೆ ಓದಿದವರು ಕಲಿಸ್ಯಾರೇನ್ರಿ? ಈ ಹಿಂದಿನ ಹುಡುಗ್ಯಾರ ಸರ್ಟಿಫಿಕೇಟಿಗೆ ಏನು ಕಿಮ್ಮತ್ತು?" ಎಂದು ಹುಬ್ಬು ಗಂಟಿಕ್ಕಿದರು. ಶಾಂಭವಿಯ ಮುಖ ಕಪ್ಪಿಟ್ಟಿತು. ಆ ಪಟ್ಟಿಯ ಮೊದಲ ಪುಟದಲ್ಲಿ ಅವಳ ಹೆಸರೂ ಇತ್ತು.

ಆಮೇಲೆ ಪಾಠ ಮಾಡಿ ತೋರಿಸಬೇಕು. ರೋಗಿಯ ಬದಲು ಮಲಗಿಸುವ ಗೊಂಬೆಯ ಸೊಂಟ ಮುರಿದಿತ್ತು. ಸಿದ್ದರಾಮ ಕೈ ಕೈ ಹಿಸುಕಿಕೊಂಡು, "ಚಾಚಿ, ನೀವ ಮಲಗ್ರೆಲಾ," ಎಂದರು. ಹನ್ನೊಂದು ವರ್ಷ ತಾನೇ ಹುಡುಗಿಯರನ್ನು ಮಲಗಿಸಿದ ಮಂಚದ ಮೇಲೆ ರಾಜಬಿ ಸೆರಗು ಸರಿಮಾಡಿಕೊಂಡು ಮಲಗಿದಳು. ಲಕ್ವಾ ಹೊಡೆದ ರೋಗಿ; ಮಾತಿಲ್ಲ, ಬಲಮೈಗೆ ಶಕ್ತಿಯಿಲ್ಲ.

ಶಾಂಭವಿ ಅವಳ ಎಡಗೈ ಹಿಡಿದಳು. "ಅಮ್ಮಾರ, ನಿಮ್ಮನ್ನ ಮಗ್ಗಲಕ್ಕ ಹೊರಳಸ್ತೇನ್ರಿ. ಹೂಂ ಅಂದ್ರ ಒಂದ ಸಲ ಒತ್ರಿ, ಬ್ಯಾಡಂದ್ರ ಎರಡ ಸಲ." ರಾಜಬಿ ಒಂದು ಸಲ ಒತ್ತಿದಳು. ಎಷ್ಟು ಹಗುರ ಕೈ! ದಿಂಬು ಎಲ್ಲಿ ಇಡಬೇಕೋ ಅಲ್ಲೇ ಇಟ್ಟಳು, ಹಿಮ್ಮಡಿಯನ್ನೂ ಮರೆಯಲಿಲ್ಲ. ನನ್ನ ಹುಡುಗಿ ಎಂದು ರಾಜಬಿಯ ಎದೆ ಉಬ್ಬಿತು. ಮತ್ತೆ ನೆಟ್ಟಗೆ ಮಲಗಿಸಿದಾಗ ಸಾಹೇಬರು ಮುಂದೆ ಬಂದರು.

"ಈ ಕೈ ಒತ್ತೂದು ಭಾಳ ಚಲೋ ಐತ್ರಿ. ನಮ್ಮ ಪುಸ್ತಕದಾಗ ಇಲ್ಲ. ಯಾರು ಕಲಿಸಿದ್ರು ನಿಮಗ?"

ಇದೇ ಆ ಗಳಿಗೆ. ಹೇಳು ನನ್ನವ್ವ, ಹೇಳಿಬಿಡು ಎಂದು ರಾಜಬಿ ಉಸಿರು ಬಿಗಿಹಿಡಿದಳು.

ಶಾಂಭವಿ ಸಾಹೇಬರ ಕೈಯಲ್ಲಿದ್ದ ಪಟ್ಟಿಯನ್ನು ನೋಡಿದಳು. "ಕಾಲೇಜಿನಾಗ ಕಲಿತೇನ್ರಿ ಸರ್," ಎಂದಳು.

ಸಾಹೇಬರು ತಲೆಯಾಡಿಸಿ ಬರೆದುಕೊಂಡರು. ಸಿದ್ದರಾಮ ನೆಲ ನೋಡಿದರು. ರಾಜಬಿ ಎದ್ದು ಕೂತು, ಎಲಾ ಹುಡುಗಿ, ಯಾವ ಕಾಲೇಜು ಎಂದು ಕೇಳಬಹುದಿತ್ತು. ಕೇಳಿದರೆ ಶಾಂಭವಿಯ ಅನ್ನಕ್ಕೆ ಕಲ್ಲು ಬೀಳುತ್ತಿತ್ತು. ರಾಜಬಿ ಕೇಳಲಿಲ್ಲ. ಲಕ್ವಾ ಹೊಡೆದವಳು ಹೇಗೆ ಮಾತಾಡಬೇಕು? ಅವಳ ಕಣ್ಣು ತುಂಬಿ ಹರಿಯಿತು.

ಮಲಗಿದವರ ಕಣ್ಣೀರು ಕೆನ್ನೆಗೆ ಇಳಿಯುವುದಿಲ್ಲ, ಕಿವಿಗೆ ಇಳಿಯುತ್ತದೆ. "ಕಿವಿ ಒರಸೂದು ಮರೀಬ್ಯಾಡ್ರಿ," ಎಂದು ಪ್ರತಿ ತಂಡಕ್ಕೂ ಅವಳು ಹೇಳುತ್ತಿದ್ದಳು. ಶಾಂಭವಿ ಮರೆತಿರಲಿಲ್ಲ. ಮೆತ್ತನೆಯ ಬಟ್ಟೆ ತಂದು ಮೊದಲು ಕಣ್ಣು, ಆಮೇಲೆ ಎರಡೂ ಕಿವಿ ಒರೆಸಿದಳು. ಮತ್ತೆ ಎಡಗೈ ಹಿಡಿದು, ಸಾಹೇಬರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಕೇಳಿದಳು.

"ನೋವಾತೇನ್ರಿ, ಚಾಚಿ?"

ರಾಜಬಿ ಎರಡು ಸಲ ಒತ್ತಿದಳು.